ಮೂಲಗೇಣಿ

ಇಪ್ಪತ್ತೊಂಬತ್ತು ವರ್ಷ ತಾಲೂಕು ಕಚೇರಿಯಲ್ಲಿ
ಬೆರಳಚ್ಚು ಹೊಡೆದವಳು ನಾನು.
ಯಾರ ಜಾಗದಲ್ಲಿ ಯಾರು ಒಕ್ಕಲು,
ಯಾವ ಮಳೆಗಾಲದಲ್ಲಿ ಯಾವ ಗಡಿಕಲ್ಲು ಜಾರಿತು,
ಎಲ್ಲ ಮೂರು ಪ್ರತಿ, ನಡುವೆ ನೀಲಿ ಕಾರ್ಬನ್.
ಈಗ ಬಿಕರ್ನಕಟ್ಟೆಯ ಆರು ಸೆಂಟ್ಸಿನಲ್ಲಿ
ಮನೆಗೆ ಮೂರೂವರೆ, ಬಾವಿಗೆ ಅರ್ಧ ಹೋಗಿ
ಉಳಿದದ್ದಕ್ಕೆ ಹಗ್ಗ ಹಿಡಿದು ಸಾಲು ಎಳೆದಿದ್ದೇನೆ:
ಬಸಳೆಗೆ ಚಪ್ಪರ, ಬೆಂಡೆಗೆ ಎರಡು ಏರಿ,
ಮೂಲೆಗೆ ಅಲಸಂಡೆ.

ಏರಿ ಕಟ್ಟಿದ್ದು ಸುಡುಮಣ್ಣಿನಲ್ಲಿ.
ತರಗೆಲೆ, ಒಣಸೆಗಣಿ, ಮೇಲೆ ಮಣ್ಣು, ಎರಡು ರಾತ್ರಿ ಹೊಗೆ.
ಆ ಬಿಸಿಗೆ ಯಾವ ಕಳೆಬೀಜವೂ ಉಳಿಯದೆಂದು
ಅಜ್ಜಿ ಹೇಳುತ್ತಿದ್ದಳು. ಅಜ್ಜಿಗೆ
ಕಾಮಕಸ್ತೂರಿಯ ಸಂಗತಿ ಪೂರ್ತಿ ಗೊತ್ತಿರಲಿಲ್ಲ.

ಮೊದಲ ಮಳೆ ಕಳೆದು ಆರನೆಯ ದಿನ
ಬೆಂಡೆಯ ಏರಿಯಲ್ಲಿ ಬೆಂಡೆಯೊಂದನ್ನು ಬಿಟ್ಟು
ಉಳಿದವರೆಲ್ಲ ಬಂದು ಕೂತಿದ್ದರು.
ಕೆಂಪು ಹರಿವೆ: ಸರಿ, ಪಲ್ಯಕ್ಕಾಯಿತು.
ತಜಂಕು: ಅದೂ ಸರಿ, ಆಟಿ ಬರಲಿ, ಅಂಬಡೆ ಮಾಡೋಣ.
ಆದರೆ ಇದು ಎಂತದು,
ಇಬ್ಭಾಗವಾದ ಅಂಗಿಗುಂಡಿಯಂಥ ಜೋಡಿ ಎಲೆ,
ಒಂದು ಗೇಣಿನಲ್ಲಿ ನೂರು?
ಎರಡನೆಯ ಜೋಡಿ ಬರುವ ತನಕ ಯಾರನ್ನೂ ಕೀಳಬಾರದು.
ಬಂದ ಮೇಲೆ ಒಂದನ್ನು ಉಜ್ಜಿ ಮೂಸಿದೆ.
ಗೋಡೆಯಾಚೆ ಸೆವ್ರಿನ್ ಬಾಯಿಯವರ ಅಂಗಳದ ವಾಸನೆ.

ನಮ್ಮಿಬ್ಬರಿಗೆ ಮಾತಿಲ್ಲದೆ ಹದಿನಾಲ್ಕು ತಿಂಗಳು.
ಅವರ ಮಾಡಿನ ನೀರು ಮುರಕಲ್ಲಿನ ಗೋಡೆಯ ಅಡಿಯಿಂದ
ನನ್ನ ಹಿತ್ತಿಲಿಗೆ ನುಗ್ಗುತ್ತದೆಂದು
ನಾನೇ ಬೆರಳಚ್ಚಿಸಿ ಕೊಟ್ಟಿದ್ದೆ, ಮೂರು ಪ್ರತಿ.
ಆ ನೀರೇ ಇವರನ್ನು ಕರೆತಂದದ್ದು.
ಹರಿದ ದಾರಿಯುದ್ದಕ್ಕೂ ಹಸುರು ಗೆರೆ;
ಸರ್ವೆಯವರು ಚೈನು ಹಿಡಿದು ಬಂದರೂ
ಇಷ್ಟು ಚೆಂದದ ನಕ್ಷೆ ಬರೆಯಲಾರರು.

ಒಕ್ಕಲೆಬ್ಬಿಸುವುದು ನನಗೆ ಕಾಗದದಲ್ಲಿ ಗೊತ್ತು.
ಒಮ್ಮೆ ಟ್ರಿಬ್ಯೂನಲಿನ ಎದುರು ತನಿಯ ಮೂಲ್ಯ ಎಂಬವನು ನಿಂತಿದ್ದ.
ದಾಖಲೆ ಎಂತ ಉಂಟು ಅಂದದ್ದಕ್ಕೆ ಅಂಗಾಲು ಎತ್ತಿ ತೋರಿಸಿದ.
ಅದನ್ನು ಟೈಪು ಮಾಡುವುದು ಹೇಗೆಂದು
ನನಗೆ ಯಾರೂ ಕಲಿಸಿರಲಿಲ್ಲ.

ಮಳೆ ಬಿಟ್ಟ ಸಂಜೆ ಕುಕ್ಕರಗಾಲಿನಲ್ಲಿ ಕೂತು
ಬುಡ ಹಿಡಿದರೆ ಬೇರು ಎಷ್ಟು ಸುಲಭ ಬರುತ್ತದೆಂದರೆ
ಎಳೆದವರಿಗೇ ನಾಚಿಕೆ.
ಮುನ್ನೂರು ಕಿತ್ತೆ.
ನಾಲ್ಕನ್ನು ಮಣ್ಣುಸಮೇತ ಎತ್ತಿ ಬಾವಿಕಟ್ಟೆಯ ಬದಿಗಿಟ್ಟೆ,
ಬೋಳಾದ ಜಾಗಕ್ಕೆ ಹಲಸಿನ ತರಗೆಲೆ ದಪ್ಪ ಹಾಸಿದೆ.
ಸೋಣದಲ್ಲಿ ನಾಲ್ಕಕ್ಕೂ ತೆನೆ ಬಂತು.
ಮೂರರದ್ದು ಬಿರಿಯುವ ಮೊದಲೇ ಚಿವುಟಬೇಕು, ದಿನ ಬಿಟ್ಟು ದಿನ;
ತಂಗಿಯ ಮನೆಗೆಂದು ಕಾರ್ಕಳಕ್ಕೆ ಹೋಗಿ ಒಂದು ವಾರ ಕೂತಿರೋ,
ಮುಂದಿನ ವರ್ಷ ಮತ್ತೆ ಮುನ್ನೂರು.
ನಾಲ್ಕನೆಯದನ್ನು ಬಿಟ್ಟೆ.
ಅದರ ಮೇಲೆ ಬೆಳಗ್ಗೆ ಮುಜಂಟಿ ಜೇನು ಕೂತದ್ದು ಕಂಡು
ಮೂಲಗೇಣಿ ಬರೆದುಕೊಟ್ಟೆ, ಬಾಯಿಮಾತಿನಲ್ಲಿ.
(ಕೊತ್ತಂಬರಿಯದು ಚಾಲಗೇಣಿ. ವರ್ಷವರ್ಷ ಬೇಡಿಕೊಂಡು ಕರೆದರೂ
ಒಂದು ಜಡಿಮಳೆಗೆ ಕೊಳೆತು ಕೂರುತ್ತದೆ.)

ತೆನೆ ಕಂದಿದ ಮೇಲೆ ಹಳೇ ಕ್ಯಾಲೆಂಡರಿನ ಹಾಳೆಗೆ ಬಡಿದೆ.
ಅರ್ಧ ಚಮಚ ಬೀಜ, ಅದೇ ಗೇಣಿ.
ನೀರಿಗೆ ಬಿದ್ದದ್ದೇ ಕಪ್ಪೆಮೊಟ್ಟೆಯ ಹಾಗೆ ಉಬ್ಬಿಕೊಂಡವು.
ಪುನರ್ಪುಳಿ ಶರಬತ್ತಿಗೆ ಬೆರೆಸಿ, ಲೋಟ ಗೋಡೆಯ ಮೇಲಿಟ್ಟು
"ನಿಮ್ಮ ಕಡೆಯ ನೀರು ಇದು" ಅಂದೆ.
ಸೆವ್ರಿನ್ ಬಾಯಿ ಬೆಳಕಿಗೆ ಹಿಡಿದು ನೋಡಿದರು. ಕುಡಿದರು.
"ಸಕ್ಕರೆ ಜಾಸ್ತಿಯಾಯ್ತು" ಅಂದರು.
ಮಾಡಿನ ದಂಬೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಇವತ್ತು ತೋಟಕ್ಕೆ ಉಡುವ ಹಳೇ ಸೀರೆ ಕೊಡವಿದಾಗ
ನೆರಿಗೆಯಿಂದ ನಾಲ್ಕು ಕಪ್ಪು ಕಾಳು ಅಂಗಳಕ್ಕೆ ಉದುರಿದವು.
ಗುಡಿಸಿ ಹೆಕ್ಕಿದೆ.
ಅಂಗೈ ಬಿಡಿಸಿ ನೋಡಿದರೆ ಮೂರೇ.